ಎಂ87 ನೋಡಿದ ಮೇಲೆ ಒಂದು ಪ್ರಶ್ನೆ: ಅಂಡಾಕಾರದ ಗ್ಯಾಲಕ್ಸಿಯ ಅನಿಲ ಎಲ್ಲಿಗೆ ಹೋಯಿತು?

ಕಾಪು ಕಡಲು
ಭಾನುವಾರ, ಬೆಳಿಗ್ಗೆ 8.10

ನಿನ್ನೆ ರಾತ್ರಿ ಹೆಬ್ರಿ ಹತ್ತಿರ ಗೆಳೆಯರ ಗದ್ದೆಯಲ್ಲಿ ಎಂಟು ಇಂಚಿನ ಡಾಬ್ಸನ್ ಟೆಲಿಸ್ಕೋಪ್ ಇಟ್ಟುಕೊಂಡು ಕೂತಿದ್ದೆವು. ಉದ್ದು ಕಿತ್ತಾಗಿತ್ತು, ನೆಲ ಒಣಗಿತ್ತು, ಮೋಡ ಇರಲಿಲ್ಲ. ಏಪ್ರಿಲ್ ಕೊನೆಯಲ್ಲಿ ನಮ್ಮ ಕರಾವಳಿಯವರಿಗೆ ಒಂದು ಭಾಗ್ಯ ಉಂಟು. ಕನ್ಯಾ ಗುಚ್ಛ ಎಂಬ ಗ್ಯಾಲಕ್ಸಿಗಳ ದೊಡ್ಡ ಗುಂಪಿನಲ್ಲಿರುವ ಅಂಡಾಕಾರದ ದೊಡ್ಡ ಗ್ಯಾಲಕ್ಸಿ ಎಂ87 ರಾತ್ರಿ ಹತ್ತೂಮುಕ್ಕಾಲರ ಹೊತ್ತಿಗೆ ನೆಟ್ಟ ನೆತ್ತಿಗೆ ಬರುತ್ತದೆ. ಮಂಗಳೂರಿನಿಂದ ನೋಡಿದರೆ ನೆತ್ತಿಯಿಂದ ಒಂದು ಡಿಗ್ರಿಯೊಳಗೆ, ಉಡುಪಿಯಿಂದ ಒಂದು ಡಿಗ್ರಿಗಿಂತ ಚೂರು ಜಾಸ್ತಿ. ಡಾಬ್ಸನ್ ಇಟ್ಟುಕೊಂಡವರಿಗೆ ಗೊತ್ತು, ಕೊಳವೆ ನೆಟ್ಟಗೆ ನಿಂತರೆ ಬೇಕಾದ ಕಡೆ ತಿರುಗಿಸುವುದು ಎಷ್ಟು ಕಷ್ಟ ಅಂತ. ಸಿಕ್ಕುವುದಕ್ಕೆ ಕಾಲು ಗಂಟೆ ಬೇಕಾಯಿತು.

ಕಂಡಿದ್ದು ಇಷ್ಟೇ. ವಿಭೂತಿ ಮೆತ್ತಿದ ಬೆರಳನ್ನು ಕಪ್ಪು ಬಟ್ಟೆಗೆ ಒತ್ತಿದ ಹಾಗೆ ಒಂದು ದುಂಡನೆ ಮಬ್ಬು. ನಡುವೆ ಸ್ವಲ್ಪ ಬೆಳಕು, ಅಂಚು ಎಲ್ಲಿ ಮುಗಿಯುತ್ತದೆ ಅಂತಲೇ ತಿಳಿಯುವುದಿಲ್ಲ. ಸುರುಳಿ ಇಲ್ಲ, ತೋಳು ಇಲ್ಲ.

ಗೆಳೆಯರ ಮಗಳು ಎಂಟನೇ ಕ್ಲಾಸು. ಕಣ್ಣಿಟ್ಟು ನೋಡಿ ಕೇಳಿದಳು: "ಮಾಮ, ಇದರಲ್ಲಿ ಈಗಲೂ ನಕ್ಷತ್ರ ಹುಟ್ಟುತ್ತದಾ?" ಇಲ್ಲ, ಇದೆಲ್ಲ ಹಳೇ ನಕ್ಷತ್ರ ಅಂದೆ. ಯಾಕೆ ಅಂದಳು. ಅನಿಲ ಖಾಲಿ ಅಂದೆ. "ಎಲ್ಲಿಗೆ ಹೋಯಿತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿ ಮಗುವಿಗೆ ಸುಳ್ಳು ಕಲಿಸಲು ಮನಸ್ಸಾಗಲಿಲ್ಲ. ತಿಳಿದವರು ಹೇಳಿ. ಅವಳಿಗೆ ಹೇಳಬೇಕು.

ಕಾರ್ಕಳ ಮೇಷ್ಟ್ರು
ಭಾನುವಾರ, ಬೆಳಿಗ್ಗೆ 10.35

ಹುಡುಗಿ ಸರಿಯಾದ ಕಡೆಗೇ ಕೈ ಇಟ್ಟಿದ್ದಾಳೆ. ಅನಿಲ ಎಲ್ಲಿಗೂ ಹೋಗಿಲ್ಲ. ಅಲ್ಲೇ ಉಂಟು, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ನಕ್ಷತ್ರ ಹುಟ್ಟಬೇಕಾದರೆ ಅನಿಲ ತಣ್ಣಗಿರಬೇಕು. ತಣ್ಣಗೆ ಅಂದರೆ ಸೊನ್ನೆಗಿಂತ 250-260 ಡಿಗ್ರಿ ಕೆಳಗೆ. ಆಗ ಮಾತ್ರ ಮೋಡ ತನ್ನ ಭಾರಕ್ಕೆ ತಾನೇ ಕುಸಿದು ಮುದ್ದೆಯಾಗುತ್ತದೆ. ಎಂ87ರ ಸುತ್ತ ಇರುವ ಅನಿಲದ ಬಿಸಿ ಕೋಟಿ ಡಿಗ್ರಿಯ ಲೆಕ್ಕದಲ್ಲಿ. ಅಷ್ಟು ಬಿಸಿ ಅನಿಲ ಮುದ್ದೆಯಾಗುವುದಿಲ್ಲ, ಹರಡಿಕೊಂಡೇ ಇರುತ್ತದೆ.

ಇದು ಗೊತ್ತಾಗಿದ್ದು ಎಕ್ಸ್-ರೇ ಕಣ್ಣಿನಿಂದ. 1970ರ ಡಿಸೆಂಬರಿನಲ್ಲಿ ಕೆನ್ಯಾದ ಕಡಲತೀರದಿಂದ ಉಹುರು ಎಂಬ ಉಪಗ್ರಹ ಹಾರಿತು. ಗ್ಯಾಲಕ್ಸಿ ಗುಚ್ಛಗಳು ಎಕ್ಸ್-ರೇಯಲ್ಲಿ ಬೆಳಗುತ್ತವೆ ಅಂತ ಅದು ತೋರಿಸಿತು. ಒಂದೊಂದು ಗ್ಯಾಲಕ್ಸಿ ಮಾತ್ರ ಅಲ್ಲ, ಅವುಗಳ ನಡುವೆ ಖಾಲಿ ಅಂದುಕೊಂಡಿದ್ದ ಜಾಗವೂ. ದೊಡ್ಡ ಗುಚ್ಛಗಳಲ್ಲಿ ಈ ಬಿಸಿ ಅನಿಲದ ತೂಕ ಎಲ್ಲ ನಕ್ಷತ್ರಗಳನ್ನು ಸೇರಿಸಿದರೂ ಅದಕ್ಕಿಂತ ಹಲವು ಪಟ್ಟು ಜಾಸ್ತಿ. 1978ರಲ್ಲಿ ಐನ್‌ಸ್ಟೈನ್ ಹೆಸರಿನ ಉಪಗ್ರಹ ಹೋದ ಮೇಲೆ, ಒಂಟಿ ಅಂಡಾಕಾರದ ಗ್ಯಾಲಕ್ಸಿಗಳಿಗೂ ಇಂಥ ಬಿಸಿ ಹೊದಿಕೆ ಇರುವುದು ಕಂಡಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಆರ್ಯಭಟ, 1975ರ ಏಪ್ರಿಲ್ 19ರಂದು ಹೋಯಿತಲ್ಲ, ಅದರಲ್ಲೂ ಎಕ್ಸ್-ರೇ ಖಗೋಳದ ಉಪಕರಣ ಇತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಆ ಪ್ರಯೋಗ ನಿಂತುಹೋಯಿತು. ಆದರೂ ದೇಶದ ಮೊದಲ ಉಪಗ್ರಹದಲ್ಲೇ ಇದಕ್ಕೆ ಜಾಗ ಕೊಟ್ಟಿದ್ದರು. ಪ್ರತಿ ವರ್ಷ ಕ್ಲಾಸಿನಲ್ಲಿ ಇದನ್ನು ಹೇಳುವಾಗ ನನಗೆ ಎದೆ ತುಂಬಿ ಬರುತ್ತದೆ.

ಕೊಣಾಜೆ ಗುಡ್ಡ
ಭಾನುವಾರ, ಮಧ್ಯಾಹ್ನ 1.20

ಮೇಷ್ಟ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದೇ ವಿಷಯ ಓದುತ್ತಿದ್ದೇನೆ.

ಗ್ಯಾಲಕ್ಸಿ ಯಾವ ಕೇರಿಯಲ್ಲಿ ಇದೆ ಅನ್ನುವುದು ಬಹಳ ಮುಖ್ಯ. 1980ರಲ್ಲಿ ಅಲನ್ ಡ್ರೆಸ್ಲರ್ ಎಂಬವರು 55 ಗುಚ್ಛಗಳ ಸುಮಾರು 6,000 ಗ್ಯಾಲಕ್ಸಿಗಳನ್ನು ಒಂದೊಂದಾಗಿ ವಿಂಗಡಿಸಿದರು. ಗ್ಯಾಲಕ್ಸಿಗಳು ಒತ್ತೊತ್ತಾಗಿ ಇರುವ ಕಡೆ ಅಂಡಾಕಾರದವು ಜಾಸ್ತಿ, ವಿರಳವಾಗಿ ಇರುವ ಕಡೆ ಸುರುಳಿಯವು ಜಾಸ್ತಿ. ಒತ್ತಾದಷ್ಟೂ ನಕ್ಷತ್ರ ಹುಟ್ಟುವುದು ಕಡಿಮೆ.

ಹಾಗಾಗುವುದಕ್ಕೆ ಒಂದು ದಾರಿಯನ್ನು 1972ರಲ್ಲೇ ಗನ್ ಮತ್ತು ಗಾಟ್ ಹೇಳಿದ್ದರು. ಗಾಳಿಯೇ ಇಲ್ಲದ ದಿನ ಸ್ಕೂಟರಿನಲ್ಲಿ ನೇತ್ರಾವತಿ ಸೇತುವೆ ದಾಟಿ ನೋಡಿ. ಹೆಗಲ ಮೇಲಿನ ಶಾಲು ಹಿಂದಕ್ಕೆ ಹಾರುತ್ತದೆ. ಗಾಳಿ ನಿಂತೇ ಇದೆ, ಓಡುತ್ತಿರುವುದು ನೀವು. ಗ್ಯಾಲಕ್ಸಿ ಗುಚ್ಛದೊಳಗೆ ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಬೀಳುತ್ತದೆ. ಆಗ ಎದುರಿನ ಬಿಸಿ ಅನಿಲ ಅದರ ತಣ್ಣನೆ ಅನಿಲವನ್ನು ಕಿತ್ತುಕೊಂಡು ಹೋಗುತ್ತದೆ. ನಕ್ಷತ್ರಗಳು ಅಲ್ಲಾಡುವುದಿಲ್ಲ. ಶಾಲು ಹಾರುತ್ತದೆ, ಹೆಲ್ಮೆಟ್ ಹಾರುವುದಿಲ್ಲ, ಹಾಗೆ.

ಹೀಗೆ ಬಾಲ ಬಿಟ್ಟುಕೊಂಡು ಓಡುವವಕ್ಕೆ ಜೆಲ್ಲಿಫಿಶ್ ಗ್ಯಾಲಕ್ಸಿ ಅಂತಲೇ ಹೆಸರು. ನಮ್ಮ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಹೋಯಿತು. ಅದರ ಅತಿನೇರಳೆ ದೂರದರ್ಶಕ ಕಟ್ಟುವ ಕೆಲಸದಲ್ಲಿ ಮುಂದೆ ನಿಂತಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಜೆಓ201 ಎಂಬ ಜೆಲ್ಲಿಫಿಶ್ ಗ್ಯಾಲಕ್ಸಿಯ ಬಾಲದಲ್ಲಿ ಹೊಸ ನಕ್ಷತ್ರಗಳ ಗೊಂಚಲುಗಳು ಇರುವುದನ್ನು ಆ ದೂರದರ್ಶಕ ತೋರಿಸಿತು. ಮನೆ ಬಿಟ್ಟು ಹೊರಟ ಅನಿಲ ದಾರಿಯಲ್ಲೇ ನಕ್ಷತ್ರ ಹೆತ್ತಿದೆ.

ಇನ್ನೊಂದು ದಾರಿ ನಿಧಾನದ್ದು. ನಮ್ಮ ಮನೆಯ ಬಾವಿ ಈಗ ಏಪ್ರಿಲಿನಲ್ಲಿ ಹೇಗಿದೆಯೋ ಹಾಗೆ. ಯಾರೂ ನೀರು ಕದ್ದಿಲ್ಲ. ಒರತೆ ನಿಂತಿದೆ ಅಷ್ಟೇ. ಇದ್ದ ನೀರು ಒಂದಷ್ಟು ದಿನ ಬಂತು, ಈಗ ತಳದಲ್ಲಿ ಗಸಿ. ಗ್ಯಾಲಕ್ಸಿಗೂ ಹೊರಗಿನಿಂದ ಹೊಸ ಅನಿಲ ಇಳಿಯುತ್ತಲೇ ಇರಬೇಕು. ಗುಚ್ಛದೊಳಗೆ ಆ ಒರತೆ ಕಟ್ಟಿಹೋಗುತ್ತದೆ. 1980ರಲ್ಲಿ ಲಾರ್ಸನ್, ಟಿನ್ಸ್ಲಿ, ಕಾಲ್ಡ್‌ವೆಲ್ ಈ ಮಾತು ಮುಂದಿಟ್ಟರು. ಗುರುತು ಹೇಗೆ ಗೊತ್ತಾ? ಒರತೆ ನಿಂತ ಮೇಲೂ ಉಳಿದ ಅನಿಲದಲ್ಲಿ ನಕ್ಷತ್ರ ಹುಟ್ಟುತ್ತಾ, ಸಾಯುತ್ತಾ ಇರುತ್ತವೆ. ಸತ್ತವು ಬಿಟ್ಟುಹೋದ ಕಬ್ಬಿಣದಂಥ ಭಾರದ ಧಾತುಗಳು ಅಲ್ಲೇ ಕೂಡುತ್ತಾ ಹೋಗುತ್ತವೆ, ಬಾವಿಯ ಗಸಿಯ ಹಾಗೆ. 2015ರಲ್ಲಿ 26 ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳಲ್ಲಿ ಈ ಗಸಿಯನ್ನು ಅಳೆದರು. ತೀರಾ ದೊಡ್ಡವನ್ನು ಬಿಟ್ಟರೆ ಹೆಚ್ಚಿನವು ಒರತೆ ನಿಂತು, ಸುಮಾರು 400 ಕೋಟಿ ವರ್ಷ ತೆಗೆದುಕೊಂಡು ಆರಿದವು, ಅಂದರೆ ನಕ್ಷತ್ರ ಹುಟ್ಟಿಸುವುದನ್ನು ನಿಲ್ಲಿಸಿದವು ಅಂತ ತೀರ್ಮಾನಿಸಿದರು.

ಗಂಗೊಳ್ಳಿ ಹೊಳೆ
ಭಾನುವಾರ, ಸಂಜೆ 6.45

ಕೊಣಾಜೆಯ ತಮ್ಮ, ಚೆನ್ನಾಗಿ ಬರೆದಿದ್ದೀಯ. ಆದರೆ ಒಂದು ಕಡೆ ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ್ದೇನೆ, ಎಲ್ಲವನ್ನೂ ನೆರೆಹೊರೆಯ ತಲೆಗೆ ಕಟ್ಟುವುದು ಸರಿ ಅಲ್ಲ.

ನೀನು ಹೇಳಿದ್ದೆಲ್ಲ ಸುರುಳಿ ಗ್ಯಾಲಕ್ಸಿಯ ಅನಿಲ ಹೋಗುವ ಕತೆ. ಅನಿಲ ಹೋದ ಸುರುಳಿ ಮಸೂರದ ಆಕಾರಕ್ಕೆ ಬರಬಹುದು. ಅಂಡಾಕಾರ ಆಗಬೇಕಾದರೆ ನಕ್ಷತ್ರಗಳ ಓಟವೇ ಕದಡಬೇಕು. ಅದಕ್ಕೆ ಎರಡು ಗ್ಯಾಲಕ್ಸಿ ಡಿಕ್ಕಿಯಾಗಿ ಒಂದಾಗಬೇಕು. ದೊಡ್ಡ ಗುಚ್ಛದಲ್ಲಿ ಎಲ್ಲವೂ ಎಷ್ಟು ಜೋರಾಗಿ ಓಡುತ್ತವೆ ಅಂದರೆ ಎದುರಾದರೂ ಸರ್ರನೆ ದಾಟಿಹೋಗುತ್ತವೆ, ಬೆರೆಯಲು ಪುರುಸೊತ್ತಿಲ್ಲ. ಬೆರೆಯುವುದು ಸಣ್ಣ ಗುಂಪುಗಳಲ್ಲಿ, ಅಲ್ಲಿ ಓಟ ನಿಧಾನ. ಅಂದರೆ ಬಹುಪಾಲು ಅಂಡಾಕಾರದವು ಗುಚ್ಛಕ್ಕೆ ಬರುವ ಮೊದಲೇ ಹಾಗಾಗಿದ್ದವು.

ಇನ್ನೊಂದು. ಎಷ್ಟು ಭಾರವೋ ಅಷ್ಟು ಬೇಗ ಆರುತ್ತದೆ. ಬಹಳ ಭಾರದ ಗ್ಯಾಲಕ್ಸಿ ಒಂಟಿಯಾಗಿ ಇದ್ದರೂ ತನ್ನ ನಕ್ಷತ್ರಗಳನ್ನೆಲ್ಲ ಆರಂಭದಲ್ಲೇ ಹುಟ್ಟಿಸಿ ಮುಗಿಸಿರುತ್ತದೆ. 2010ರಲ್ಲಿ ಪೆಂಗ್ ಮತ್ತು ಜೊತೆಗಾರರು ಭಾರದಿಂದ ಆರುವುದು ಬೇರೆ, ನೆರೆಹೊರೆಯಿಂದ ಆರುವುದು ಬೇರೆ, ಎರಡನ್ನೂ ಬಿಡಿಸಿ ನೋಡಬಹುದು ಅಂತ ತೋರಿಸಿದರು. ಎಂ87ರಂಥದ್ದಕ್ಕೆ ನಾನು ಭಾರವನ್ನೇ ಮೊದಲು ಹೇಳುತ್ತೇನೆ.

ಕೊಣಾಜೆ ಗುಡ್ಡ
ಭಾನುವಾರ, ರಾತ್ರಿ 9.30

ಅಕ್ಕ, ಡಿಕ್ಕಿಯ ವಿಷಯ ನೀವು ಹೇಳಿದ್ದು ಸರಿ. ನಾನು ಬಿಟ್ಟುಬಿಟ್ಟಿದ್ದೆ. ಆದರೆ ಆ ಸಣ್ಣ ಗುಂಪೂ ಒಂದು ನೆರೆಹೊರೆಯೇ ಅಲ್ವಾ?

ನನ್ನ ಮಾತು ಬೇರೆ ಕಡೆಯದು. ಗ್ಯಾಲಕ್ಸಿ ಮೊದಲು ಹೇಗೆ ಆರಿತು ಅನ್ನುವುದು ಭಾರದ ಕತೆ ಅಂತಲೇ ಇಟ್ಟುಕೊಳ್ಳೋಣ. ಆರಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದಾ ಇಲ್ಲವಾ? ನೆರೆಹೊರೆಯ ಕೈ ಕಾಣುವುದು ಅಲ್ಲಿ. ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಸಾಕ್ಷಿ ಉಂಟು, ಸ್ವಲ್ಪ ಉದ್ದ ಬರೆಯುತ್ತೇನೆ.

ಅಟ್ಲಾಸ್ 3ಡಿ ಎಂಬ ಸಮೀಕ್ಷೆಯಲ್ಲಿ ನಮಗೆ ಹತ್ತಿರದ 260 ಅಂಡಾಕಾರದ ಮತ್ತು ಮಸೂರಾಕಾರದ ಗ್ಯಾಲಕ್ಸಿಗಳನ್ನು ನೋಡಿದರು. ಮೊದಲು ಹುಡುಕಿದ್ದು ತೆಳ್ಳಗೆ ಹರಡಿದ ತಣ್ಣನೆ ಹೈಡ್ರೋಜನ್. ಕನ್ಯಾ ಗುಚ್ಛದ ಹೊರಗಿನವುಗಳಲ್ಲಿ ಶೇಕಡಾ 40ರಷ್ಟರಲ್ಲಿ ಅದು ಸಿಕ್ಕಿತು. ಗುಚ್ಛದ ಒಳಗೆ ಶೇಕಡಾ 10ರಷ್ಟರಲ್ಲಿ ಮಾತ್ರ. ಒಂದೇ ಜಾತಿಯ ಗ್ಯಾಲಕ್ಸಿ, ಬೇರೆ ಕೇರಿ, ನಾಲ್ಕು ಪಟ್ಟು ವ್ಯತ್ಯಾಸ.

ಆಮೇಲೆ ನಡು ಭಾಗದಲ್ಲಿ ದಟ್ಟವಾಗಿ ಕೂತಿರುವ, ನಕ್ಷತ್ರ ಹುಟ್ಟಲು ತಯಾರಾದ ಅನಿಲ ಹುಡುಕಿದರು. ಶೇಕಡಾ 22ರಷ್ಟರಲ್ಲಿ ಸಿಕ್ಕಿತು. ನೂರಕ್ಕೆ ಇಪ್ಪತ್ತೆರಡು! ಸತ್ತಿವೆ ಅಂತ ಕೈಬಿಟ್ಟಿದ್ದ ಗ್ಯಾಲಕ್ಸಿಗಳಲ್ಲಿ. ಮತ್ತೆ ಇದು ಗುಚ್ಛದ ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ. ಇದನ್ನು ಮೊದಲು ಓದಿದಾಗ ನನಗೆ ನಿರಾಶೆಯಾಗಿತ್ತು. ನೆರೆಹೊರೆಯ ಕತೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಆ ಅನಿಲ ಯಾವ ದಿಕ್ಕಿಗೆ ತಿರುಗುತ್ತಿದೆ ಅಂತ ನೋಡಿದರು. ಗ್ಯಾಲಕ್ಸಿಯ ಸ್ವಂತ ಹಳೇ ನಕ್ಷತ್ರಗಳು ಉದುರಿಸಿದ ಅನಿಲವಾದರೆ ಅದು ಆ ನಕ್ಷತ್ರಗಳ ದಿಕ್ಕಿಗೇ ಸುತ್ತಬೇಕು. ಹೊರಗಿನಿಂದ ಬಂದು ಸೇರಿದ್ದಾದರೆ ಅಡ್ಡವಾಗಿಯೋ ತಿರುಗುಮುರುಗಾಗಿಯೋ ಸುತ್ತಬಹುದು. ಕನ್ಯಾ ಗುಚ್ಛದ ಒಳಗೆ ಬಹುತೇಕ ಎಲ್ಲವೂ ನಕ್ಷತ್ರಗಳ ದಿಕ್ಕಿಗೇ ಸುತ್ತುತ್ತಿದ್ದವು. ಹೊರಗೆ, ವಿರಳ ಜಾಗದಲ್ಲಿ, ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ದಿಕ್ಕು ಹೊಂದುತ್ತಿರಲಿಲ್ಲ.

ಅಂದರೆ ಗುಚ್ಛದೊಳಗಿನ ಗ್ಯಾಲಕ್ಸಿ ತನ್ನ ಮನೆಯ ಹಿತ್ತಲಲ್ಲಿ ಬೆಳೆದದ್ದನ್ನೇ ತಿನ್ನುತ್ತಿದೆ. ಹೊರಗಿನದಕ್ಕೆ ಆಗಾಗ ಬೇರೆ ಕಡೆಯಿಂದಲೂ ಬರುತ್ತದೆ. ಸಣ್ಣ ಗ್ಯಾಲಕ್ಸಿಯೊಂದು ಬಂದು ಬಿದ್ದರೆ ಅದರ ಅನಿಲವೂ ಬಂತು. ಎಷ್ಟು ಅನಿಲ ಇದೆ ಅಂತ ಮಾತ್ರ ಎಣಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಸಿಕ್ಕಿತು.

ಮಲ್ಪೆ ಬಂದರು
ಸೋಮವಾರ, ಬೆಳಿಗ್ಗೆ 6.05

ನಾನು ಖಗೋಳ ಓದಿದವನಲ್ಲ. ಐಸ್ ಪ್ಲಾಂಟಿನಲ್ಲಿ ಕೆಲಸ, ರಾತ್ರಿ ಪಾಳಿ ಮುಗಿಸಿ ಇದೆಲ್ಲ ಓದಿದೆ. ನನಗೆ ಒಂದು ವಿಷಯ ಬಗೆಹರಿಯುತ್ತಿಲ್ಲ ಮೇಷ್ಟ್ರೇ.

ಬಿಸಿ ಇದ್ದದ್ದು ತಣಿಯಲೇಬೇಕು. ನಮಗೆ ಇಪ್ಪತ್ನಾಲ್ಕು ಗಂಟೆಯೂ ಅದೇ ಕೆಲಸ. ಉಪ್ಪುನೀರಿನ ಟ್ಯಾಂಕಿನಲ್ಲಿ ಕ್ಯಾನ್ ಇಳಿಸುತ್ತೇವೆ. ಗೋಡೆಯಿಂದ ಒಳಕ್ಕೆ ಮಂಜು ಕಟ್ಟುತ್ತಾ ಬರುತ್ತದೆ, ನಡುವಿನ ನೀರು ಕೊನೆಗೆ ಗಟ್ಟಿಯಾಗುತ್ತದೆ. ಬ್ಲಾಕ್ ಒಡೆದರೆ ನಡುವೆ ಬೆಳ್ಳಗೆ ಒಂದು ಕೋಲು ಕಾಣುವುದು ಅದಕ್ಕೇ. ಎಷ್ಟು ಹೊತ್ತಾದರೂ ಆಗಲಿ, ತಣಿಯದೆ ಇರುವುದಿಲ್ಲ. ಹಾಗಿದ್ದರೆ ಈ ಗುಚ್ಛದ ಅನಿಲ ಎಕ್ಸ್-ರೇ ಬಿಟ್ಟು ಬಿಟ್ಟು ಇಷ್ಟು ಕೋಟಿ ವರ್ಷದಲ್ಲಿ ತಣ್ಣಗಾಗಿ ನಕ್ಷತ್ರ ಆಗಬೇಕಿತ್ತಲ್ಲ? ಯಾಕೆ ಆಗಲಿಲ್ಲ?

ಕಾರ್ಕಳ ಮೇಷ್ಟ್ರು
ಸೋಮವಾರ, ಬೆಳಿಗ್ಗೆ 7.15

ಮಲ್ಪೆಯವರೇ, ನೀವು ಕೇಳಿದ ಪ್ರಶ್ನೆ ದೊಡ್ಡ ದೊಡ್ಡ ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದೆ. ಗುಚ್ಛದ ನಡುವಿನ ಅನಿಲ ಅತ್ಯಂತ ದಟ್ಟ, ದಟ್ಟವಾದದ್ದು ಬೇಗ ಶಾಖ ಕಳೆದುಕೊಳ್ಳುತ್ತದೆ. ಲೆಕ್ಕದ ಪ್ರಕಾರ ಕೆಲವು ಗುಚ್ಛಗಳ ನಡುವೆ ವರ್ಷಕ್ಕೆ ನೂರಾರು ಸೂರ್ಯರಷ್ಟು ಅನಿಲ ತಣಿದು ಇಳಿಯಬೇಕಿತ್ತು. ನಮ್ಮ ಆಕಾಶಗಂಗೆಯಲ್ಲಿ ಹುಟ್ಟುವುದು ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅಂತ ನೆನಪಿಟ್ಟುಕೊಳ್ಳಿ. 2001ರ ಹೊತ್ತಿಗೆ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹ ಆ ತಣಿಯುವ ಅನಿಲದ ಗುರುತು ಹುಡುಕಿತು. ನಿರೀಕ್ಷೆಗಿಂತ ಬಹಳ ಬಹಳ ಕಡಿಮೆ ಸಿಕ್ಕಿತು. ಯಾರೋ ಕೆಳಗೆ ಒಲೆ ಉರಿಸುತ್ತಿದ್ದಾರೆ ಅಂತಾಯಿತು.

ಒಲೆ ನಡುವಿನ ಕಪ್ಪುಕುಳಿ. ಎಂ87ರದ್ದೇ ನೋಡಿ, 2019ರ ಏಪ್ರಿಲಿನಲ್ಲಿ ಪ್ರಪಂಚವೆಲ್ಲ ನೋಡಿದ ಆ ಕಿತ್ತಳೆ ಬಳೆಯ ಚಿತ್ರ. 650 ಕೋಟಿ ಸೂರ್ಯರ ತೂಕ. ಅದರ ಬುಡದಿಂದ ಹೊರಡುವ ಚಿಲುಮೆಯನ್ನು 1918ರಲ್ಲೇ ಹೀಬರ್ ಕರ್ಟಿಸ್ ಒಂದು ನೆಟ್ಟನೆ ಗೆರೆಯಾಗಿ ಕಂಡಿದ್ದರು. ಅದು ಸುಮಾರು 5,000 ಜ್ಯೋತಿರ್ವರ್ಷ ಉದ್ದ. ಇಂಥ ಚಿಲುಮೆ ಸುತ್ತಲಿನ ಅನಿಲದಲ್ಲಿ ಗುಳ್ಳೆ ಎಬ್ಬಿಸುತ್ತದೆ, ಕದಡುತ್ತದೆ, ಬಿಸಿ ಮಾಡುತ್ತದೆ. ಪರ್ಸಿಯಸ್ ಗುಚ್ಛದ ನಡುವೆ ಹೀಗೆ ಎದ್ದ ಅಲೆಗಳನ್ನು 2003ರಲ್ಲಿ ಚಂದ್ರಾ ಉಪಗ್ರಹದಿಂದ ನೋಡಿದರು. ಅವು ಶಬ್ದದ ಅಲೆಗಳು. ಒಂದು ಅಲೆ ದಾಟಿ ಇನ್ನೊಂದು ಬರಲು ಸುಮಾರು 1 ಕೋಟಿ ವರ್ಷ.

ನಿಮ್ಮ ಪ್ಲಾಂಟಿನ ಕಂಪ್ರೆಸರಿಗೆ ಥರ್ಮೋಸ್ಟಾಟ್ ಉಂಟಲ್ಲ? ಇಲ್ಲೂ ಅಂಥದ್ದೇ ಒಂದು ಏರ್ಪಾಡು ನಡೆಯುತ್ತಿದೆ. ಅನಿಲ ತಣಿದು ಒಳಗೆ ಇಳಿದರೆ ಕಪ್ಪುಕುಳಿಗೆ ತಿಂಡಿ ಸಿಕ್ಕಿತು, ಚಿಲುಮೆ ಹೊತ್ತಿತು, ಅನಿಲ ಮತ್ತೆ ಬಿಸಿಯಾಯಿತು. ಬಿಸಿಯಾದರೆ ತಿಂಡಿ ನಿಂತಿತು, ಚಿಲುಮೆ ತಗ್ಗಿತು, ಮತ್ತೆ ತಣಿಯಲು ಶುರು.

ಮಲ್ಪೆ ಬಂದರು
ಸೋಮವಾರ, ಬೆಳಿಗ್ಗೆ 7.40

ಈಗ ತಲೆಗೆ ಹೋಯಿತು. ಆದರೆ ಥರ್ಮೋಸ್ಟಾಟ್ ಕೈಕೊಡುವುದೂ ಉಂಟು ಮೇಷ್ಟ್ರೇ. ಹೋದ ವರ್ಷ ನಮ್ಮಲ್ಲಿ ಒಂದು ರಾತ್ರಿ ಕಂಪ್ರೆಸರ್ ನಿಲ್ಲಲೇ ಇಲ್ಲ, ಉಪ್ಪುನೀರು ಪೈಪಿನ ಸುತ್ತ ಗಟ್ಟಿಯಾಗಿ ಕೂತಿತ್ತು. ಅಲ್ಲೂ ಹಾಗೆ ಆಗುತ್ತದಾ?

ಕೊಣಾಜೆ ಗುಡ್ಡ
ಸೋಮವಾರ, ಬೆಳಿಗ್ಗೆ 9.00

ಆಗುತ್ತದೆ ಅಣ್ಣ! ಫೀನಿಕ್ಸ್ ಗುಚ್ಛ ಅಂತ ಒಂದಿದೆ, ಸುಮಾರು 570 ಕೋಟಿ ಜ್ಯೋತಿರ್ವರ್ಷ ದೂರ. ಅದರ ನಡುವಿನ ದೈತ್ಯ ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ಸುಮಾರು 740 ಸೂರ್ಯರಷ್ಟು ನಕ್ಷತ್ರ ಹುಟ್ಟುತ್ತಿದೆ ಅಂತ 2012ರಲ್ಲಿ ಲೆಕ್ಕ ಹಾಕಿದರು. ಅಲ್ಲಿ ಬಿಸಿ ಮಾಡುವುದಕ್ಕಿಂತ ತಣಿಯುವುದೇ ಗೆದ್ದಿದೆ. ಪರ್ಸಿಯಸ್ ಗುಚ್ಛದ ನಡುವಿನ ಗ್ಯಾಲಕ್ಸಿ ಎನ್‌ಜಿಸಿ 1275 ಅಷ್ಟು ಜೋರಲ್ಲ, ಆದರೂ ಅದರ ಸುತ್ತ ಕೆಂಪು ನೂಲಿನಂಥ ಅನಿಲದ ಎಳೆಗಳು ಹೊರಕ್ಕೆ ಚಾಚಿವೆ. ಕೆಲವು ಎಳೆಗಳಲ್ಲಿ ಎಳೆಯ ನಕ್ಷತ್ರಗಳಿವೆ.

ಇದು ನನಗೆ ಬಹಳ ಆಶ್ಚರ್ಯದ ವಿಷಯ. ಗುಚ್ಛದಲ್ಲಿ ಓಡಾಡುವ ಗ್ಯಾಲಕ್ಸಿಯಿಂದ ಅನಿಲ ಕಿತ್ತುಕೊಳ್ಳುವ ಅದೇ ಬಿಸಿ ಅನಿಲ, ನಟ್ಟನಡುವೆ ಅಲುಗಾಡದೆ ಕೂತ ಗ್ಯಾಲಕ್ಸಿಗೆ ತಾನೇ ತಣಿದು ಉಣಿಸುತ್ತದೆ. ಕೇರಿ ಒಂದೇ, ಯಾವ ಮನೆ ಅನ್ನುವುದೂ ಮುಖ್ಯ.

ಗಂಗೊಳ್ಳಿ ಹೊಳೆ
ಸೋಮವಾರ, ಸಂಜೆ 5.50

ತಿರುಗುವ ದಿಕ್ಕಿನ ವಿಷಯ ನನಗೆ ಹೊಸದು. ಬೆಳಿಗ್ಗೆಯಿಂದ ಅದನ್ನೇ ಯೋಚಿಸಿದೆ. ನನ್ನ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗ್ಯಾಲಕ್ಸಿ ಮೊದಲು ಆರುವುದಕ್ಕೆ ಕಾರಣ ಭಾರವೇ. ಮತ್ತೆ ಹೊತ್ತಿಕೊಳ್ಳುವುದರಲ್ಲಿ ನೆರೆಹೊರೆಯ ಪಾಲು ಉಂಟು, ಒಪ್ಪಿದೆ.

ನಮ್ಮ ಬಚ್ಚಲೊಲೆಯ ಹಾಗೆ ಅನ್ನಿಸಿತು. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಬೂದಿಯ ಕೆಳಗೆ ಕೆಂಡ ಇರುತ್ತದೆ. ಹೊರಗಿನಿಂದ ನೋಡಿದರೆ ಆರಿದ ಒಲೆ. ಯಾರಾದರೂ ಎರಡು ಮಡಲಿನ ಗರಿ ಹಾಕಿದರೆ ಭಗ್ ಅಂತ ಎರಡು ನಿಮಿಷ ಉರಿಯುತ್ತದೆ, ಮತ್ತೆ ಬೂದಿ. ಕೊತ್ತಳಿಗೆ ಹಾಕಿದರೆ ಇನ್ನಷ್ಟು ಹೊತ್ತು. ಹಿತ್ತಲಲ್ಲಿ ತೆಂಗಿನಮರ ಇರುವ ಮನೆಗೆ ಗರಿ ಬೀಳುತ್ತಲೇ ಇರುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ, ಇಲ್ಲಿ ಓದುವ ಮಕ್ಕಳಿಗೆ. ಅಂಡಾಕಾರದ ಗ್ಯಾಲಕ್ಸಿಯಲ್ಲಿ ಅತಿನೇರಳೆ ಬೆಳಕು ಕಂಡ ಕೂಡಲೇ ಹೊಸ ನಕ್ಷತ್ರ ಅಂತ ಕುಣಿಯಬಾರದು. ಹೊರಪದರ ಕಳಚಿಕೊಂಡ ಹಳೇ ನಕ್ಷತ್ರಗಳೂ ತೀರಾ ಬಿಸಿಯಾಗಿ ಅತಿನೇರಳೆ ಬೀರುತ್ತವೆ. 1960ರ ದಶಕದ ಕೊನೆಯಿಂದಲೇ ಈ ಗೊಂದಲ ಇದೆ.

ಕೊಣಾಜೆ ಗುಡ್ಡ
ಸೋಮವಾರ, ರಾತ್ರಿ 8.15

ಹೌದು ಅಕ್ಕ, ನಮ್ಮ ಗೈಡ್ ಮೊದಲ ದಿನವೇ ಹೇಳಿದ್ದು ಅದನ್ನೇ. 2003ರಲ್ಲಿ ಹಾರಿದ ಗ್ಯಾಲೆಕ್ಸ್ ಉಪಗ್ರಹದ ಚಿತ್ರಗಳಲ್ಲಿ ಆ ಹಳೇ ನಕ್ಷತ್ರಗಳ ಪಾಲನ್ನು ಕಳೆದು ನೋಡಿದಾಗಲೂ, ಅಂಡಾಕಾರದ ಮತ್ತು ಮಸೂರಾಕಾರದ ಗ್ಯಾಲಕ್ಸಿಗಳಲ್ಲಿ ಶೇಕಡಾ 30ರಷ್ಟಾದರೂ ಕಳೆದ 100 ಕೋಟಿ ವರ್ಷದೊಳಗೆ ಒಂದಿಷ್ಟು ನಕ್ಷತ್ರ ಹುಟ್ಟಿಸಿವೆ ಅಂತ ಬಂತು. ಒಂದಿಷ್ಟು ಅಂದರೆ ಒಟ್ಟು ತೂಕದಲ್ಲಿ ಶೇಕಡಾ ಒಂದರಿಂದ ಮೂರು. ನಿಮ್ಮ ಮಡಲಿನ ಗರಿಯ ಲೆಕ್ಕವೇ. ನಮ್ಮ ಆಸ್ಟ್ರೋಸ್ಯಾಟ್ ಗ್ಯಾಲೆಕ್ಸ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಚೊಕ್ಕವಾಗಿ ನೋಡುತ್ತದೆ. ಬೆಳಕು ಇಡೀ ಗ್ಯಾಲಕ್ಸಿಯಲ್ಲಿ ನುಣ್ಣಗೆ ಹರಡಿದೆಯಾ, ಅಲ್ಲಲ್ಲಿ ಗಂಟುಗಂಟಾಗಿ ಇದೆಯಾ ಅಂತ ಬಿಡಿಸಿ ನೋಡಬಹುದು. ನುಣ್ಣಗಿದ್ದರೆ ಹಳೆಯವು ಅಂತ ಅನುಮಾನ, ಗಂಟಾಗಿದ್ದರೆ ಹೊಸವು.

ಕಾಪು ಕಡಲು
ಸೋಮವಾರ, ರಾತ್ರಿ 10.20

ಎಲ್ಲರಿಗೂ ಕೈ ಮುಗಿದೆ. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಇವತ್ತು ಸಂಜೆ ಅವಳಿಗೆ ಫೋನಿನಲ್ಲಿ ಹೇಳಿದೆ: ಅನಿಲ ಅಲ್ಲೇ ಉಂಟು ಮಗ, ಬಿಸಿ ಜಾಸ್ತಿ, ನಡುವಿನ ಕಪ್ಪುಕುಳಿ ಅದನ್ನು ತಣಿಯಲು ಬಿಡುತ್ತಿಲ್ಲ. ಗುಚ್ಛದ ಹೊರಗಿನ ಕೆಲವು ಮತ್ತೆ ಹೊತ್ತಿಕೊಳ್ಳುತ್ತವೆ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ಗುಚ್ಛದ ಹೊರಗೆ ಇರುವ ಒಂದನ್ನು ತೋರಿಸಿ ಮಾಮ, ಮತ್ತೆ ಹೊತ್ತಿಕೊಂಡದ್ದು" ಅಂದಳು. ಎಂಟು ಇಂಚಿನಲ್ಲಿ ಕಾಣುವಂಥದ್ದು ಯಾವುದಾದರೂ ಉಂಟಾ?

ಕಾರ್ಕಳ ಮೇಷ್ಟ್ರು
ಸೋಮವಾರ, ರಾತ್ರಿ 10.45

ಸೆಂಟಾರಸ್ ಎ. ಎನ್‌ಜಿಸಿ 5128. ಸುಮಾರು 1.2 ಕೋಟಿ ಜ್ಯೋತಿರ್ವರ್ಷ, ಎಂ87ಕ್ಕಿಂತ ನಾಲ್ಕೈದು ಪಟ್ಟು ಹತ್ತಿರ. ಅದು ಇರುವುದು ಒಂದು ಸಣ್ಣ ಗುಂಪಿನಲ್ಲಿ. ಹಿಂದೊಮ್ಮೆ ಅನಿಲ ತುಂಬಿದ ಗ್ಯಾಲಕ್ಸಿಯೊಂದನ್ನು ನುಂಗಿದೆ. ದುಂಡನೆ ಬೆಳಕಿನ ನಡುವೆ ಅಡ್ಡಡ್ಡ ಒಂದು ಕಪ್ಪು ಪಟ್ಟಿ ಕಾಣುತ್ತದೆ. ನುಂಗಿದ್ದರ ದೂಳು, ಅನಿಲ ಅದೇ. ಆ ಪಟ್ಟಿಯಲ್ಲೇ ಈಗ ಹೊಸ ನಕ್ಷತ್ರ ಹುಟ್ಟುತ್ತಿವೆ.

ಮೇ ಎರಡನೇ ವಾರ ರಾತ್ರಿ ಹತ್ತೂವರೆ ದಾಟಿದ ಮೇಲೆ ನೋಡಿ. ನೇರ ದಕ್ಷಿಣಕ್ಕೆ, ಬಾನಂಚಿನಿಂದ ಮೂವತ್ತಮೂರು ಡಿಗ್ರಿಯ ಆಸುಪಾಸು. ದಕ್ಷಿಣಕ್ಕೆ ಮರ ಇಲ್ಲದ ಗದ್ದೆ ಬೇಕು, ಪೇಟೆಯ ಬೆಳಕೂ ಆ ಕಡೆ ಇರಬಾರದು. ತಿಂಗಳ ಕೊನೆಗೆ ಹೋದರೆ ಮೋಡ ಕೂಡುತ್ತದೆ, ತಡ ಮಾಡಬೇಡಿ.

ಮಲ್ಪೆ ಬಂದರು
ಮಂಗಳವಾರ, ಬೆಳಿಗ್ಗೆ 6.10

ಜಾಗ ಹೇಳಿ, ನಾನೂ ಬರುತ್ತೇನೆ. ಆ ವಾರ ನನಗೆ ಹಗಲು ಪಾಳಿ.

ಕಾಪು ಕಡಲು
ಮಂಗಳವಾರ, ಬೆಳಿಗ್ಗೆ 8.30

ಹೆಬ್ರಿಯ ಅದೇ ಗದ್ದೆ. ದಕ್ಷಿಣಕ್ಕೆ ಒಂದು ಹಲಸಿನ ಮರ ಅಡ್ಡ ಬರುತ್ತದೆ, ಟೆಲಿಸ್ಕೋಪನ್ನು ಆಚೆ ಬದುವಿಗೆ ಒಯ್ದರೆ ಸರಿಯಾದೀತು. ಮೊದಲು ಅವಳು ನೋಡಲಿ, ಆಮೇಲೆ ನಾವು.